ಹೆಕ್ಕುವ ಕೈ

ಕುಶಾಲನಗರದಿಂದ ಏಳು ಹತ್ತರ ಬಸ್ಸು.
ಕೊರಳಿಗೆ ಮಫ್ಲರು, ಬಾಯಲ್ಲಿ ಒಂದು ಕಾಳುಮೆಣಸು.
ಕಚ್ಚಬಾರದು, ಚೀಪಬೇಕು ಅಂದಿದ್ದಾಳೆ ಐಸಮ್ಮ.
ಗುಡ್ಡೆಹೊಸೂರು ಬರುವ ಮೊದಲೇ ಕಚ್ಚಿಬಿಟ್ಟೆ.

ಪರ್ಸಿನಲ್ಲಿ ಮಡಚಿದ ಕಾಗದ:
ದಮಯಂತಿ ಕೆ. ಆರ್., ಸುಗಮ ಸಂಗೀತ,
ಧ್ವನಿ ಪರೀಕ್ಷೆ, ಹತ್ತೂವರೆಗೆ, ಮಡಿಕೇರಿ ನಿಲಯ.
ಹೆಸರು ನನ್ನದೇ. ಆದರೂ ಮೂರು ಸಲ ಓದಿದೆ,
ಯಾರದೋ ಕಾಗದ ದಾರಿ ತಪ್ಪಿ ಬಂತೇನೋ ಅಂತ.

ಹದಿನಾರು ವರ್ಷ ಕ್ಯೂರಿಂಗ್ ವರ್ಕ್ಸಿನ ಮೇಜು.
ಬೆಲ್ಟಿನ ಮೇಲೆ ಬೀಜ ಹರಿದು ಬರುತ್ತದೆ.
ಕಪ್ಪಾದದ್ದು, ಒಡೆದದ್ದು, ಹುಳ ಕೊರೆದದ್ದು
ಹೆಕ್ಕಬೇಕು. ಈ ಎರಡು ಬೆರಳು
ಕಣ್ಣಿಗಿಂತ ಮೊದಲೇ ಓಡುತ್ತವೆ ಕೆಟ್ಟದ್ದರ ಕಡೆಗೆ.
ಮನೆಗೆ ಬಂದರೂ ನಿಲ್ಲವು: ಅಕ್ಕಿಯಲ್ಲಿ ಕಲ್ಲು,
ಮಗಳ ಜಡೆಯಲ್ಲಿ ಸಿಕ್ಕು, ಗಂಡನ ಮಾತಿನಲ್ಲಿ ಮೊನೆ,
ದೀಪ ಆರಿಸಿದ ಮೇಲೆ
ನನ್ನದೇ ದನಿ.

ಮೇಲಿನ ಸ ಮುಟ್ಟುವಾಗ ಸೀಳುತ್ತದೆ. ಹೆಕ್ಕು.
ಚರಣ ಮುಗಿಯುವ ಮೊದಲೇ ಉಸಿರು ಮುಗಿಯುತ್ತದೆ. ಹೆಕ್ಕು.
ಮೂಗಿನಲ್ಲಿ ಹಾಡುತ್ತೀ. ಹೆಕ್ಕು.
ನಲವತ್ತೊಂದು ವರ್ಷ. ಅಲ್ಲಿಗೆ ಬರುವವರೆಲ್ಲ
ಕಾಲೇಜು ಹುಡುಗಿಯರು, ಸಂಗೀತ ಕಲಿತವರು.
ನೀನೋ, ಕಾಫಿ ಹೊಟ್ಟಿನ ದೂಳು ಕುಡಿದ ಗಂಟಲು.
ಆನೆಕಾಡು ದಾಟುವಷ್ಟರಲ್ಲಿ ಬುಟ್ಟಿ ತುಂಬಿತು.
ಮೇಸ್ತ್ರಿ ನೋಡಿದ್ದರೆ
ಕೂಲಿ ಹೆಚ್ಚಿಸುತ್ತಿದ್ದ.

ಸುಂಟಿಕೊಪ್ಪದಲ್ಲಿ ಶಾಲೆ ಮಕ್ಕಳು ಹತ್ತಿದರು.
ನಿಂತವಳೊಬ್ಬಳು ತನ್ನ ಚೀಲವನ್ನು
ಕೇಳದೆಯೇ ನನ್ನ ಮಡಿಲಲ್ಲಿಟ್ಟಳು.
ಅದೇ ನೀಲಿ ಲಂಗ.
ಆರನೇ ತರಗತಿ, ಪ್ರಾರ್ಥನೆಯ ಸಾಲು,
ಸುಭಾಷಿಣಿ ಟೀಚರ ಬೆರಳು:
'ನೀನು ಹಿಂದೆ ಹೋಗು. ತುಟಿ ಆಡಿಸಿದರೆ ಸಾಕು.'
ಆಡಿಸಿದೆ. ವರ್ಷಗಟ್ಟಲೆ ಆಡಿಸಿದೆ,
ಭಜನೆಯಲ್ಲಿ, ಮದುವೆಮನೆಯ ಸೋಬಾನೆಯಲ್ಲಿ.
ನನ್ನ ತುಟಿಯಷ್ಟು ಚೆಂದ
ಯಾರೂ ಹಾಡಿಲ್ಲ.

ಬೋಯಿಕೇರಿಯಲ್ಲಿ ಇಳಿದುಬಿಡೋಣ ಅನ್ನಿಸಿತು.
ಎದುರು ದಿಕ್ಕಿನ ಬಸ್ಸೂ ಬಂದು ನಿಂತಿತ್ತು.
ಏಳಹೋದೆ.
ಮಡಿಲಲ್ಲಿ ಆ ಮಗುವಿನ ಚೀಲ. ಭಾರ.
ಕೂತೆ.

ನಿಲಯದ ಪಡಸಾಲೆಯಲ್ಲಿ ಐದು ಕುರ್ಚಿ, ನಾವು ಏಳು ಜನ.
ಇಪ್ಪತ್ತರ ಒಬ್ಬಳು ಫ್ಲಾಸ್ಕಿನ ಮುಚ್ಚಳ
ತೆಗೆಯುತ್ತಾಳೆ, ಹಾಕುತ್ತಾಳೆ, ಕುಡಿಯುವುದೇ ಇಲ್ಲ.
ಬೆರಳು ನಡುಗುತ್ತಿದೆ. ಅವಳದ್ದೂ?
ಕಾಳುಮೆಣಸು ಕೊಟ್ಟೆ.
'ಕಚ್ಚಬೇಡ, ಚೀಪು' ಅಂದೆ, ದೊಡ್ಡ ವಿದುಷಿಯ ಹಾಗೆ.

ಆಗ ನೆನಪಾಯಿತು ಐಸಮ್ಮ ಹೋದ ವಾರ
ಬುತ್ತಿ ಬಿಚ್ಚುತ್ತಾ ಅಂದದ್ದು:
'ಕೆಟ್ಟದ್ದನ್ನೆಲ್ಲಾ ಒಂದೊಂದೇ ಮುಟ್ಟುತ್ತೇವೆ ಮಾರಾಯ್ತಿ,
ಒಳ್ಳೇದು ನಮ್ಮ ಕೈಗೇ ತಾಗದೆ
ಮೂಟೆಗೆ ಹೋಗಿಬಿಡುತ್ತಲ್ಲ.
ಅದು ಹೇಗಿರುತ್ತೆ ಅಂತ ನೋಡಿದ್ದೀಯಾ?'
ನಾನು ಉಪ್ಪಿನಕಾಯಿ ಕೇಳಿದ್ದೆ.

ದಪ್ಪ ಬಾಗಿಲು ಮುಚ್ಚಿತು. ಹೊರಗಿನ ಸದ್ದೆಲ್ಲ ಸತ್ತಿತು.
ಮುಖ ಕಾಣದ ಒಬ್ಬರು, 'ಶ್ರುತಿ?' ಅಂದರು.
'ಐದೂವರೆ.'
ಅಷ್ಟು ಹೇಳಲು ಎರಡು ಸಲ ಕೆಮ್ಮಿದೆ.
ಪಲ್ಲವಿ ಹೇಗೋ ದಾಟಿತು.
ಚರಣದಲ್ಲಿ, ಮೇಲಿನ ಸ ಬಳಿ,
ಸೀಳಿತು.

ಹೆಬ್ಬೆರಳು ತೋರುಬೆರಳು ತಾವಾಗಿ ಕೂಡಿದವು.
ಗಾಳಿಯಲ್ಲೇ ಹೆಕ್ಕಲು ಹೊರಟವು.
ಆ ಕೈಯನ್ನು ತೊಡೆಯ ಮೇಲಿಟ್ಟು
ತಾಳ ಹಾಕಲು ಹಚ್ಚಿದೆ.
ಅದಕ್ಕೂ ಏನಾದರೂ ಕೆಲಸ ಬೇಕಲ್ಲ.
ಒಡೆದ ಸ್ವರ ಬೆಲ್ಟಿನ ಮೇಲೆ ಮುಂದೆ ಹೋಯಿತು,
ಅದರ ಹಿಂದೆ ಇನ್ನೊಂದು, ದುಂಡಗೆ, ಇಡಿಯಾಗಿ,
ಅದರ ಹಿಂದೆ ಮತ್ತೊಂದು.
ಇವೆಲ್ಲ ಎಲ್ಲಿದ್ದವು ಇಷ್ಟು ದಿನ?

'ಕಾಗದ ಬರುತ್ತದೆ' ಅಂದರು. ಅಷ್ಟೇ.

ಬಸ್‌ಸ್ಟ್ಯಾಂಡಿನಲ್ಲಿ ಐಸಮ್ಮನ ಫೋನು:
'ಮೆಣಸು ಕಚ್ಚಿದೆಯಾ?'
'ಕಚ್ಚಿದೆ.'
'ಮತ್ತೆ?'
'ಖಾರ ಇತ್ತು' ಅಂದೆ,
ಮಡಿಕೇರಿಗೆಲ್ಲ ಕೇಳುವ ಹಾಗೆ.